ಕತ್ತಿ ಹಿಡಿದ ಕೈ

ಮಾಂಸ ತಿನ್ನುವುದು ಸರಿಯೇ ತಪ್ಪೇ ಎಂಬ ಚರ್ಚೆ ನಮ್ಮಲ್ಲಿ ಹಳೆಯದು. ಕೊಯ್ದು ಕೊಡುವವನ ಸುದ್ದಿ ಮಾತ್ರ ಅದರಲ್ಲಿ ಬರುವುದಿಲ್ಲ.

2021ರಲ್ಲಿ ಇಂಗ್ಲೆಂಡಿನಲ್ಲಿ ಅದು ಬರಲೇಬೇಕಾಯಿತು. ಬ್ರಿಟನ್ ಯುರೋಪಿನ ಒಕ್ಕೂಟದಿಂದ ಹೊರಬಂದಿತ್ತು, ಮೇಲೆ ಕೊರೋನಾ. ಕಸಾಯಿಖಾನೆಗಳಲ್ಲಿ ದುಡಿಯುತ್ತಿದ್ದ ಪೂರ್ವ ಯುರೋಪಿನವರು ಅನೇಕರು ಊರಿಗೆ ಮರಳಿದ್ದರು. ಕೊಯ್ಯುವ ಕೈಗಳಿಲ್ಲದೆ ಹಂದಿಗಳು ದೊಡ್ಡಿಯಲ್ಲೇ ಬಲಿತವು. ಜಾಗ ಸಾಲದೆ ರೈತರು ಸಾವಿರಾರು ಹಂದಿಗಳನ್ನು ಅಲ್ಲೇ ಕೊಲ್ಲಿಸಿದರು. ಆ ಮಾಂಸ ಯಾರ ತಟ್ಟೆಗೂ ಬರಲಿಲ್ಲ. ಅಕ್ಟೋಬರಿನಲ್ಲಿ ಸರ್ಕಾರ ಹೊರದೇಶದ 800 ಕಟುಕರಿಗೆ ಆರು ತಿಂಗಳ ವೀಸಾ ಕೊಡುವುದಾಗಿ ಹೇಳಿತು.

ನನ್ನನ್ನು ಕಾಡಿದ್ದು ಆ ಆರು ತಿಂಗಳು. ಕೈ ಬೇಕು, ಕೈಯುಳ್ಳ ಮನುಷ್ಯ ಬೇಡ. ಮನೆಯಲ್ಲಿ ಇಡೀ ಕೋಳಿ ತುಂಡು ಮಾಡಿದವರಿಗೆ ಗೊತ್ತು: ಕತ್ತಿ ಕೀಲಿಗೆ ಬೀಳಬೇಕು, ಎಲುಬಿಗಲ್ಲ. ಒಂದೆರಡು ದಿನದಲ್ಲಿ ಬರುವ ವಿದ್ಯೆಯಲ್ಲ ಅದು.

ಮಹಾಭಾರತದ ವನಪರ್ವದಲ್ಲಿ ಭಿಕ್ಷೆಗೆ ಕಾಯಿಸಿದಳೆಂದು ಸಿಟ್ಟಾದ ಕೌಶಿಕನಿಗೆ ಗೃಹಿಣಿಯೊಬ್ಬಳು, ಧರ್ಮ ತಿಳಿಯಬೇಕಾದರೆ ಮಿಥಿಲೆಯ ವ್ಯಾಧನ ಬಳಿಗೆ ಹೋಗು ಎನ್ನುತ್ತಾಳೆ. ಅವನು ಸಿಗುವುದು ಮಾಂಸದಂಗಡಿಯಲ್ಲಿ. ಎಷ್ಟು ದೊಡ್ಡ ಮಾತು! ಆದರೆ ಆ ವ್ಯಾಧನೂ, ತಾನು ಬೇರೆಯವರು ಕೊಂದದ್ದನ್ನು ಮಾರುವವನು, ತಿನ್ನುವವನಲ್ಲ ಎನ್ನುತ್ತಾನೆ. ಕೊಂದವನು ಅಲ್ಲಿಯೂ ಕಥೆಯ ಹೊರಗೇ ಉಳಿದ.

ತಿನ್ನದವರ ಮಾತು ಬೇರೆ. ತಿನ್ನುವ ಮನೆಗಳಲ್ಲೂ ಅವನ ಕೈಯ ಮಾಂಸಕ್ಕೆ ಒಲೆಯ ಮೇಲೆ ಜಾಗವಿದೆ. ಬಾಡಿಗೆಗೆ ಮನೆ ಕೇಳಿದರೆ ಹಿಂದುಮುಂದು ನೋಡುತ್ತಾರೆ. ನಾಳೆ ಅವನ ಮಗ ಆ ಕತ್ತಿ ಹಿಡಿಯಲಾರೆ ಎಂದರೆ, ನಾವು ಅದನ್ನು ಕೆಲಸಗಾರರ ಕೊರತೆ ಎಂದೇವು. ಅವನು ಬೇರೆ ಹೆಸರಿಟ್ಟಾನು.