ಉರಿದು ಹೋದ ಗ್ಯಾಸಿನ ಲೆಕ್ಕ

ಡಲ್ಲಾಸಿನಲ್ಲಿರುವ ನನ್ನ ತಂಗಿಯ ಮಗಳು ಫೋನು ಮಾಡಿದಾಗಲೆಲ್ಲ ಮೊದಲು ಅಡಿಗೆಯ ಮಾತು, ಆಮೇಲೆ ಮಗುವಿನ ಕೆಮ್ಮು ನೆಗಡಿ, ಕೊನೆಗೆ ದುಡ್ಡಿನ ತಾಪತ್ರಯ. ಇದು ನಮ್ಮ ವರಸೆ. ಒಂದು ಸಲ ಮಾತ್ರ ಅವಳು ನೇರವಾಗಿ ದುಡ್ಡಿಗೇ ಬಂದಳು. “ದೊಡ್ಡಮ್ಮ, ನೀನು ಬಿ.ಕಾಂ. ಓದಿದೋಳಲ್ವಾ, ಇದೇನು ಅಂತ ಹೇಳು” ಎಂದು ಗ್ಯಾಸಿನ ಬಿಲ್ಲು ಓದತೊಡಗಿದಳು. ಉರಿಸಿದ ಗ್ಯಾಸಿಗೆ ಇಷ್ಟು, ಮೀಟರಿಗೆ ಇಷ್ಟು, ತೆರಿಗೆ ಇಷ್ಟು ಎಂಬುದರ ನಡುವೆ ‘ಕಸ್ಟಮರ್ ರೇಟ್ ರಿಲೀಫ್’ ಎಂಬ ಒಂದು ಸಾಲು. ಗ್ರಾಹಕರಿಗೆ ದರದಲ್ಲಿ ಪರಿಹಾರ ಎಂದು ಅರ್ಥ. ಪರಿಹಾರ ಎಂದ ಮೇಲೆ ಕಳೆಯಬೇಕು ತಾನೆ? ಅಲ್ಲಿ ಕೂಡಿಸಿದ್ದರು!

ಮೂವತ್ತು ವರ್ಷದ ಹಿಂದೆ ಓದಿದ ಬಿ.ಕಾಂ. ಇಂಥದಕ್ಕೆಲ್ಲ ಸಾಲುವುದಿಲ್ಲ. ಆದರೂ ದೊಡ್ಡಮ್ಮನ ಮಾನ ಉಳಿಯಬೇಕಲ್ಲ, ಕೂತು ಓದಿದೆ. ಓದುತ್ತಾ ಹೋದಂತೆ ಆ ಸಾಲು ನನ್ನನ್ನು ಟೆಕ್ಸಾಸಿನಿಂದ ಎಳೆದು ತಂದು ಉಳ್ಳಾರ್ತಿ ಕಾವಲಿನ ಅಂಚಿನ ಒಂದು ಹಳ್ಳಿಯ ಸಮುದಾಯ ಭವನದ ಜಮಖಾನದ ಮೇಲೆ ಕೂರಿಸಿಬಿಟ್ಟಿತು. ಅದನ್ನು ಆಮೇಲೆ ಹೇಳುತ್ತೇನೆ.

2021ರ ಫೆಬ್ರವರಿಯಲ್ಲಿ ಟೆಕ್ಸಾಸಿನಲ್ಲಿ ಕಂಡು ಕೇಳರಿಯದ ಚಳಿ ಬಿತ್ತು. ಗ್ಯಾಸಿನ ಬಾವಿಗಳೂ ಕೊಳವೆಗಳೂ ಹೆಪ್ಪುಗಟ್ಟಿದವು, ಕರೆಂಟು ಹೋಯಿತು, ನೂರಾರು ಜನ ಸತ್ತರು. ಇರುವಷ್ಟು ಗ್ಯಾಸಿನ ಬೆಲೆ ಆಕಾಶಕ್ಕೇರಿತು. ಮನೆಮನೆಗೆ ಗ್ಯಾಸು ಕೊಡುವ ಕಂಪನಿಗಳು ಸಿಕ್ಕ ಬೆಲೆಗೆ ಕೊಂಡು ಒಲೆಗಳನ್ನು ಉರಿಸಿದವು. ಆ ಖರ್ಚನ್ನು ಮುಂದಿನ ತಿಂಗಳ ಬಿಲ್ಲಿನಲ್ಲೇ ಹಾಕಿದ್ದರೆ ಬಡವರ ಮನೆ ಮುಳುಗುತ್ತಿತ್ತು. ಅದಕ್ಕೆ ಅಲ್ಲಿನ ಶಾಸನಸಭೆ ಅದೇ ವರ್ಷ ಒಂದು ಕಾನೂನು ಮಾಡಿತು. ಗ್ಯಾಸು ಕಂಪನಿಗಳ ಮೇಲ್ವಿಚಾರಣೆ ನೋಡುವ ಟೆಕ್ಸಾಸ್ ರೈಲ್‌ರೋಡ್ ಕಮಿಷನ್ (ಹೆಸರಿನಲ್ಲಿ ರೈಲು ಉಳಿದಿದೆ, ಕೆಲಸದಲ್ಲಿ ರೈಲಿಲ್ಲ, ನಮ್ಮ ಊರಿನ ಎಷ್ಟೋ ಬೋರ್ಡುಗಳ ಹಾಗೆ) 2022ರಲ್ಲಿ ಸುಮಾರು 340 ಕೋಟಿ ಡಾಲರಿನ ಖರ್ಚಿಗೆ ಒಪ್ಪಿಗೆ ಕೊಟ್ಟಿತು. 2023ರ ಮಾರ್ಚಿನಲ್ಲಿ ಬಾಂಡು ಮಾರಿ ಸಾಲ ಎತ್ತಿ ಕಂಪನಿಗಳಿಗೆ ಕೊಟ್ಟರು. ಆ ಸಾಲ ತೀರುವವರೆಗೆ ವರ್ಷಗಟ್ಟಲೆ ಪ್ರತಿ ಮನೆಯ ಬಿಲ್ಲಿನಲ್ಲೂ ಸ್ವಲ್ಪ ಸ್ವಲ್ಪ ಬರುತ್ತದೆ. ಒಂದೇ ಸಲ ಹೊಡೆಯದೆ ನಿಧಾನವಾಗಿ ಹೊಡೆಯುವುದರಿಂದ ಅದು ‘ಪರಿಹಾರ’.

ನಮ್ಮ ಹುಡುಗಿ ಡಲ್ಲಾಸಿಗೆ ಹೋದದ್ದು 2024ರಲ್ಲಿ. ಚಳಿ ಬಿದ್ದಾಗ ಅವಳು ದಾವಣಗೆರೆಯಲ್ಲಿ ಫ್ಯಾನು ಹಾಕಿಕೊಂಡು ಮಲಗಿದ್ದಳು. “ನಾನು ಕಾಯಿಸಿಕೊಳ್ಳದ ಬೆಂಕಿಗೆ ನಾನ್ಯಾಕೆ ಕಟ್ಟಲಿ?” ಎಂದಳು.

ಈ ಪ್ರಶ್ನೆಯನ್ನು ನಾನು ಹಿಂದೊಮ್ಮೆ ಕೇಳಿದ್ದೆ. ಆಗಲೂ ನನ್ನಲ್ಲಿ ಉತ್ತರವಿರಲಿಲ್ಲ.

ಮೊದಲು ಆ ಕಂಪನಿಗಳ ಲೆಕ್ಕದ ಪುಸ್ತಕವನ್ನು ಸ್ವಲ್ಪ ನೋಡೋಣ. ನಮ್ಮ ಬೀದಿಯ ಕಿರಾಣಿ ಅಂಗಡಿಯವನು ಈ ವರ್ಷ ಸಕ್ಕರೆಯಲ್ಲಿ ಕೈ ಸುಟ್ಟುಕೊಂಡರೆ ಅದು ಈ ವರ್ಷದ ನಷ್ಟ. ಬರುವ ವರ್ಷದ ಗಿರಾಕಿಯಿಂದ ವಸೂಲು ಮಾಡುತ್ತೇನೆಂದು ಅವನು ಬರೆದುಕೊಂಡರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಗ್ಯಾಸಿನ ಕೊಳವೆಗೆ ಪಕ್ಕದ ಅಂಗಡಿ ಇಲ್ಲ. ಒಂದೇ ಬೀದಿಯಲ್ಲಿ ಇಬ್ಬರು ಕೊಳವೆ ಹೂಳುವುದಿಲ್ಲ. ಹೀಗಾಗಿ ಬೆಲೆ ಕಟ್ಟುವುದಕ್ಕೆ ಒಂದು ಆಯೋಗ ಇರುತ್ತದೆ. ಆ ಆಯೋಗ “ಈ ಖರ್ಚನ್ನು ಮುಂದೆ ವಸೂಲು ಮಾಡಿಕೋ” ಎಂದರೆ ಕಂಪನಿ ಆ ಖರ್ಚನ್ನು ನಷ್ಟ ಎಂದು ಬರೆಯದೆ ಆಸ್ತಿ ಎಂದು ಬರೆಯಬಹುದು. ಅಮೆರಿಕದಲ್ಲಿ 1982ರಲ್ಲೇ ಇದಕ್ಕೊಂದು ಮಾನದಂಡ ಬಂತು, ನಮ್ಮಲ್ಲೂ ಇದೆ. ಕೊಳವೆಯಲ್ಲ, ಯಂತ್ರವಲ್ಲ, ಗೋದಾಮಲ್ಲ, ಇನ್ನೂ ಹುಟ್ಟದ ಗ್ರಾಹಕನೂ ಕೊಡುತ್ತಾನೆ ಎಂಬ ನಂಬಿಕೆಯೇ ಆಸ್ತಿ. ಅದಕ್ಕೆ ಬಡ್ಡಿಯೂ ಉಂಟು. ತಡವಾಗಿ ಸಿಗುವ ಹಣಕ್ಕೆ ಕಾದ ಕೂಲಿ ಎಂದು ಅದನ್ನೂ ಗ್ರಾಹಕನಿಂದಲೇ ಪಡೆಯುತ್ತಾರೆ.

ಮೊದಲು ಓದಿದಾಗ ಇದೆಂಥ ಮೋಸ ಎನ್ನಿಸಿತು. ಆಮೇಲೆ ಅಷ್ಟು ಸುಲಭವಲ್ಲ ಎನ್ನಿಸಿತು. ಕೊಳವೆಯನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಗೆ 2006ರಲ್ಲಿ ಕಾಯಿದೆ ಬಂತು. ದಾಭೋಳದಿಂದ ಬೆಂಗಳೂರಿಗೆ 2013ರಲ್ಲಿ ದೊಡ್ಡ ಕೊಳವೆ ಬಂತು. ಇಂಥ ಕೊಳವೆಯ ಸಾಗಣೆ ದರ ಕಟ್ಟುವಾಗ ಮಂಡಳಿ ಅದಕ್ಕೆ ಮೊದಲು 25 ವರ್ಷದ ಆಯಸ್ಸು ಎಂದು ಹಿಡಿದಿತ್ತು, 2022ರಲ್ಲಿ 30 ಮಾಡಿತು. ಹೂಳಿದ ವರ್ಷವೇ ಪೂರ್ತಿ ಖರ್ಚು ಕೇಳಿದರೆ ಮೊದಲ ವರ್ಷದವರ ಮೇಲೆ ಬೆಟ್ಟ ಬಿದ್ದಂತೆ. ಇಪ್ಪತ್ತನೆಯ ವರ್ಷದವರಿಗೆ ಪುಕ್ಕಟೆ. ಇಬ್ಬರೂ ಅದರಿಂದಲೇ ಅನ್ನ ಬೇಯಿಸುವಾಗ ಇಬ್ಬರೂ ಹಂಚಿಕೊಳ್ಳಬೇಕಾದ್ದೇ. ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಿಗೆ ಕೊಳವೆ ಗ್ಯಾಸಿನ ಅನುಮತಿ 2018ರ ಸುತ್ತಿನಲ್ಲಿ ಸಿಕ್ಕಿತು. ದಾವಣಗೆರೆಯಲ್ಲಿ ನನ್ನ ತಂಗಿಯ ಮನೆಗೆ ಅದು ಬಂದದ್ದು ಈಚೆಗೆ. ಅವಳ ಮೊಮ್ಮಗಳು ಮುಂದೆ ಅದೇ ಕೊಳವೆಯಲ್ಲಿ ಹಾಲು ಕಾಯಿಸಿದರೆ ಅದರ ಸವಕಳಿಯ ಪಾಲು ಅವಳೂ ಕೊಡಲಿ. ನ್ಯಾಯವೇ.

ಆದರೆ 2021ರ ಫೆಬ್ರವರಿಯ ಗ್ಯಾಸು? ಅದು ಉರಿದು ಹೋಯಿತು. ಬೂದಿಯೂ ಉಳಿಯಲಿಲ್ಲ. ನಮ್ಮ ಹುಡುಗಿಗೆ ಅದರಿಂದ ಬಂದದ್ದೇನು?

ಈಗ ಜಮಖಾನದ ಮಾತು.

ನಾನು ಚಳ್ಳಕೆರೆಯಲ್ಲಿದ್ದಾಗ, ಲೆಕ್ಕ ಓದಿದವಳು ಎಂಬ ಒಂದೇ ಕಾರಣಕ್ಕೆ ಆ ಹಳ್ಳಿಯ ಮಹಿಳಾ ಸಂಘದ ಪುಸ್ತಕ ಬರೆಯುವ ಕೆಲಸ ನನಗೆ ಅಂಟಿಕೊಂಡಿತ್ತು. ಹದಿನೆಂಟು ಜನ, ವಾರಕ್ಕೆ ಇಪ್ಪತ್ತು ರೂಪಾಯಿ ಉಳಿತಾಯ. ಒಂದು ವರ್ಷ ಮಳೆ ಕೈಕೊಟ್ಟಿತು. ಶೇಂಗಾ ಹೂವಿನಲ್ಲೇ ಒಣಗಿತು. ಸಾಲ ತೆಗೆದಿದ್ದ ಇಬ್ಬರು ಸಂಸಾರ ಕಟ್ಟಿಕೊಂಡು ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋದರು, ತಿರುಗಿ ಬರಲಿಲ್ಲ. ಹದಿನೆಂಟು ಸಾವಿರ ಮುಳುಗಿತು. ಮುಳುಗಿತು ಎಂದು ನನಗೆ ಆವತ್ತೇ ಗೊತ್ತಿತ್ತು. ಆದರೆ ನಾಯಕನಹಟ್ಟಿ ಜಾತ್ರೆ ಹತ್ತಿರ ಬಂದಿತ್ತು. ಉಳಿದ ಹದಿನಾರು ಜನ ಬಡ್ಡಿಯ ಪಾಲು ಸಿಗುತ್ತದೆ, ಮಕ್ಕಳಿಗೆ ಬಟ್ಟೆ ತರೋಣ ಎಂದು ಕಾದಿದ್ದರು. ಆ ಮುಖಗಳನ್ನು ನೋಡಿಕೊಂಡು ನಷ್ಟ ಎಂದು ಬರೆಯಲು ಕೈ ಬರಲಿಲ್ಲ. ‘ಬರಬೇಕಾದ ಬಾಕಿ’ ಎಂದು ಬರೆದೆ. ಹದಿನೆಂಟು ಸಾವಿರದ ಆಸ್ತಿ! ಪುಸ್ತಕ ಸರಿಹೊಂದಿತು, ಜಾತ್ರೆಯೂ ಚೆನ್ನಾಗಿ ಆಯಿತು.

ಮೂರು ವರ್ಷ ಆ ಸಾಲನ್ನು ಹಾಗೇ ಪುಟದಿಂದ ಪುಟಕ್ಕೆ ಎತ್ತಿ ಬರೆದೆ. ಅಷ್ಟರಲ್ಲಿ ಊರಿಗೆ ಸೊಸೆಯರಾಗಿ ಬಂದ ನಾಲ್ವರು ಹುಡುಗಿಯರು ಸಂಘ ಸೇರಿದರು. ಕೊನೆಗೆ ಲೆಕ್ಕ ತಪಾಸಣೆಗೆ ಬಂದವರು ಇದನ್ನು ವಜಾ ಮಾಡಿ ಎಂದಾಗ ಇಪ್ಪತ್ತು ಜನಕ್ಕೆ ಸಮನಾಗಿ ಹಂಚಿದೆ. ತಲೆಗೆ ಒಂಬೈನೂರು. ಸಮ ಎಂದರೆ ನ್ಯಾಯ ಎಂದು ನನ್ನ ಲೆಕ್ಕ.

ಆ ನಾಲ್ವರಲ್ಲಿ ಒಬ್ಬಳು ವರ್ಷವಿಡೀ ವಾರ ತಪ್ಪದೆ ಕಟ್ಟಿ 1,040 ರೂಪಾಯಿ ಕೂಡಿಸಿದ್ದಳು. ಪುಸ್ತಕದಲ್ಲಿ 140 ಉಳಿಯಿತು. ಅವಳು ಪಾಸ್‌ಬುಕ್ಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ನಾನು ಈ ಊರಿಗೆ ಬರಾಕ ಮುಂಚಿನ ಸಾಲ ನಾನ್ಯಾಕೆ ಕಟ್ಲಿ ಅಕ್ಕಾ?” ಎಂದಳು. ಜಗಳದ ದನಿಯಲ್ಲ, ನಿಜವಾಗಿಯೂ ತಿಳಿಯಲಿಕ್ಕೆ ಕೇಳಿದಳು. ಯಾರೂ ಮಾತಾಡಲಿಲ್ಲ. ಸಂಘ ಎಂದ ಮೇಲೆ ಒಗ್ಗಟ್ಟು ಇರಬೇಕಮ್ಮ ಎಂದೇನೋ ನಾನೇ ಹೇಳಿದೆ. ಮುಂದಿನ ವಾರ ಅವಳು ಬರಲಿಲ್ಲ.

ಆಮೇಲೆ ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಹಳೆಯ ಹದಿನಾರು ಜನವೇ ಹೊತ್ತಿದ್ದರೆ ತಲೆಗೆ 1,125 ಆಗುತ್ತಿತ್ತು. ಅಂದರೆ ಹಳಬರ ಒಬ್ಬೊಬ್ಬರ 225 ರೂಪಾಯಿ ಉಳಿಸಲು ಆ ಹುಡುಗಿಯ ಒಂದು ವರ್ಷವನ್ನು ಒರೆಸಿದ್ದೆ. ದುಡ್ಡು ಕದ್ದಿರಲಿಲ್ಲ, ಸುಳ್ಳು ವೋಚರು ಬರೆದಿರಲಿಲ್ಲ. ಒಂದು ಸಾಲನ್ನು ಯಾವ ವರ್ಷದ ಪುಟದಲ್ಲಿ ಬರೆಯಬೇಕೋ ಅಲ್ಲಿ ಬರೆಯಲಿಲ್ಲ, ಅಷ್ಟೇ. ಅದೂ ಕನಿಕರದಿಂದ. ಕಣ್ಣೆದುರಿಗಿದ್ದ ಹದಿನಾರು ಜನರ ಮೇಲಿನ ಕನಿಕರಕ್ಕೆ, ಇನ್ನೂ ಬಾಗಿಲಿಗೆ ಬಾರದವಳು ಬೆಲೆ ತೆತ್ತಳು. ಟೆಕ್ಸಾಸಿನ ಶಾಸಕರೂ ಕಣ್ಣೆದುರಿನವರ ಮೇಲೆ ಕನಿಕರಪಟ್ಟವರೇ. ಅವರನ್ನು ಬೈಯುವ ಬಾಯಿ ನನಗೆಲ್ಲಿದೆ?

ಇದು ದೂರದ ಗ್ಯಾಸಿನ ಮಾತು ಎಂದುಕೊಳ್ಳಬೇಡಿ. ನಿಮ್ಮ ಮನೆಯ ಕರೆಂಟು ಬಿಲ್ಲನ್ನು ತೆಗೆದು ನೋಡಿ. ವಿದ್ಯುತ್ ನಿಯಂತ್ರಣ ಆಯೋಗದ 2025ರ ಮಾರ್ಚಿನ ಆದೇಶದಂತೆ, ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆಂದು 2025–26ಕ್ಕೆ ಯೂನಿಟ್ಟಿಗೆ 36 ಪೈಸೆ, ಅದರ ಮುಂದಿನ ವರ್ಷಕ್ಕೆ 35, ಆಮೇಲೆ 34 ಎಂದು ಗೊತ್ತಾಯಿತು. ನಿವೃತ್ತನಾದ ಲೈನ್‌ಮನ್ ದುಡಿದದ್ದು ಹಿಂದಿನವರ ದೀಪಕ್ಕೆ, ಕೊಡುವವರು ಇಂದಿನವರು. ಇದನ್ನೂ ಅನ್ಯಾಯ ಎನ್ನಬೇಕೇ? ನನಗೆ ಹಾಗೆನ್ನಲು ಮನಸ್ಸು ಬರುವುದಿಲ್ಲ. ಅವನು ಹತ್ತಿ ಎಳೆದ ತಂತಿ ನಮ್ಮ ಬೀದಿಯಲ್ಲಿ ಇನ್ನೂ ಇದೆ, ಅವನಿಗೆ ಕೊಟ್ಟ ಮಾತು ಮಾತೇ. ಆದರೆ ಅವನು ದುಡಿಯುವಾಗಲೇ ಆ ಹಣವನ್ನು ಎತ್ತಿಡುತ್ತಾ ಬಂದಿದ್ದರೆ ಈ ಸಾಲು ಬೇಕಾಗುತ್ತಿರಲಿಲ್ಲ. ದೆಹಲಿಯ ವಿದ್ಯುತ್ ಕಂಪನಿಗಳ ಪುಸ್ತಕದಲ್ಲಿ ಹೀಗೆ ಮುಂದೂಡಿದ ಬಾಕಿ ಬೆಳೆದು ಬೆಳೆದು ಸಾವಿರಾರು ಕೋಟಿ ದಾಟಿತು. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಇಂಥದನ್ನು ಕಾಲಮಿತಿಯೊಳಗೆ ತೀರಿಸಿ ಎಂದು ರಾಜ್ಯಗಳಿಗೆಲ್ಲ ಹೇಳಬೇಕಾಯಿತು. ದರ ಏರಿಸದೆ ಜನರ ಪ್ರೀತಿ ಉಳಿಸಿಕೊಂಡ ವರ್ಷಗಳ ಬಿಲ್ಲು ಅದು.

ಒಂದು ಮಾತು ಮಾತ್ರ ಈ ಕಂಪನಿಗಳ ಪರವಾಗಿ ಹೇಳಬೇಕು. ಅವರಿಗೊಂದು ಪುಸ್ತಕವಾದರೂ ಇದೆ. ಕರೆಂಟಿನ ದರ ಕಟ್ಟುವ ಮೊದಲು ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕೇಳಬೇಕೆಂದು 2003ರ ಕಾಯಿದೆಯೇ ಹೇಳುತ್ತದೆ; ನೀವೂ ನಾನೂ ಒಂದು ಅರ್ಜಿ ಬರೆಯಬಹುದು. ನಾವು ಬರೆಯುವುದಿಲ್ಲ, ಆ ಮಾತು ಬೇರೆ. ಆ ಸಂಘದ ಹಳ್ಳಿಯ ಪಕ್ಕದಲ್ಲೇ ಪುಸ್ತಕವಿಲ್ಲದ ಒಂದು ಲೆಕ್ಕ ನಡೆದುಹೋಯಿತು. ಉಳ್ಳಾರ್ತಿ ಕಾವಲು ಅಮೃತ ಮಹಲ್ ಹುಲ್ಲುಗಾವಲುಗಳಲ್ಲಿ ಒಂದು. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳಿಗೆ ಟಿಪ್ಪು ಅಮೃತ ಮಹಲ್ ಎಂಬ ಹೆಸರಿಟ್ಟ. ಆ ದನಗಳಿಗಾಗಿ ಮೀಸಲಿಟ್ಟ ಕಾವಲುಗಳಲ್ಲಿ ಬೇಸಿಗೆಯವು ಬೇರೆ, ಮಳೆಗಾಲದವು ಬೇರೆ, ಚಳಿಗಾಲದವು ಬೇರೆ. ಕಾವಲು ಎಂಬ ಹೆಸರೇ ನೋಡಿ, ಕಾದಿಡುವುದು. ಇವತ್ತು ಹಸಿರಾಗಿ ಕಂಡರೂ ಬೇಸಿಗೆಗೆ ಬೇಕೆಂದು ಬಾಯಿ ಹಾಕದೆ ಬಿಟ್ಟವರು ಮುಂದಿನವರ ಹೆಸರಿಗೆ ಜಮೆ ಬರೆದಂತೆ. ನಾನು ಬರೆದದ್ದಕ್ಕೆ ತೀರ ಉಲ್ಟಾ.

ಹತ್ತಿರದ ಕಾವಲುಗಳೂ ಸೇರಿ ಸುಮಾರು ಹತ್ತು ಸಾವಿರ ಎಕರೆ 2008ರಿಂದ ಈಚೆಗೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಯಿತು. ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ. ಗೋಡೆ ಎದ್ದ ಮೇಲೆ ಎಷ್ಟೋ ಹಳ್ಳಿಯವರಿಗೆ ವಿಷಯ ತಿಳಿಯಿತು. ಪ್ರಕರಣ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದೇಶಕ್ಕೆ ವಿಜ್ಞಾನ ಬೇಡವೆಂದು ನಾನು ಹೇಳಲಾರೆ. ಆದರೆ ಕುರಿಯ ಉಣ್ಣೆಯಿಂದ ಕಂಬಳಿ ನೇಯುವ ಮನೆಗಳಿಗೆ ಆ ಹುಲ್ಲು ಎಷ್ಟು ವರ್ಷದ ಆಸ್ತಿಯಾಗಿತ್ತು, ಅದರ ಸವಕಳಿ ಎಷ್ಟು, ಯಾರ ಹೆಸರಿಗೆ ಖರ್ಚು ಎಂದು ಬರೆಯುವ ಕಾಲಂ ಯಾವ ಪುಸ್ತಕದಲ್ಲಿದೆ? ಬಿಲ್ಲು ಬಂದರೆ ತಾನೆ “ನಾನ್ಯಾಕೆ ಕಟ್ಟಲಿ” ಎಂದು ಕೇಳುವುದು?

ತಂಗಿಯ ಮಗಳಿಗೆ ಇಷ್ಟನ್ನೂ ಹೇಳಲಿಲ್ಲ. ಚಳಿಯ ಕಥೆ ಮಾತ್ರ ಹೇಳಿದೆ. ಅವಳು ಸುಮ್ಮನೆ ಕೇಳಿ, “ನಾವು ಮನೆ ಖಾಲಿ ಮಾಡಿದರೆ ಈ ಬಾಕಿ ನಮ್ಮ ಹಿಂದೆ ಬರುತ್ತಾ?” ಎಂದಳು. ಬರುವುದಿಲ್ಲ, ನಿಮ್ಮ ಮನೆಗೆ ಬಾಡಿಗೆಗೆ ಬರುವವರು ಕಟ್ಟುತ್ತಾರೆ ಎಂದೆ. “ಸದ್ಯ!” ಎಂದಳು. ಒಂದು ಕ್ಷಣ ಬಿಟ್ಟು ನಕ್ಕಳು. ನಾನೂ ನಕ್ಕೆ.

ಆ ವರ್ಷ ಫಾಲ್ಗುಣದಲ್ಲಿ ನಾಯಕನಹಟ್ಟಿ ಜಾತ್ರೆಗೆ ಹೋಗಿದ್ದೆ. ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸುವಾಗ ದುಡಿದವರು ಮರಳಿನ ಗುಡ್ಡೆ ಕೆದಕಿದರೆ ಅವರವರು ಮಾಡಿದಷ್ಟಕ್ಕೆ ಸರಿಯಾಗಿ ಕೂಲಿ ಸಿಗುತ್ತಿತ್ತು ಎಂದು ಆ ಕಡೆಯವರೆಲ್ಲ ಹೇಳುತ್ತಾರೆ. ಒಂದು ಪೈಸೆ ಹೆಚ್ಚಿಲ್ಲ, ಒಂದು ಪೈಸೆ ಕಡಿಮೆಯಿಲ್ಲ. ಲೆಕ್ಕ ಬರೆದವಳಿಗೆ ಆ ಕಥೆ ಕೇಳಿದರೆ ಹೊಟ್ಟೆಕಿಚ್ಚಾಗುತ್ತದೆ. ಆ ಹುಡುಗಿ ಬಂದೇ ಬರುತ್ತಾಳೆಂದು ಹಳ್ಳಿಯವರು ಹೇಳಿದ್ದರಿಂದ ಒಂಬೈನೂರು ರೂಪಾಯಿಯನ್ನು ಕವರಿನಲ್ಲಿಟ್ಟುಕೊಂಡು ಹೋಗಿದ್ದೆ. ಸಿಕ್ಕಳು. ಈಗ ಇಬ್ಬರು ಮಕ್ಕಳು. ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ವಿಷಯ ಹೇಳಿ ಕವರು ಕೊಟ್ಟೆ. ಬೇಡ ಎನ್ನುತ್ತಾಳೆ, ನಾನು ಒತ್ತಾಯ ಮಾಡಬೇಕಾಗುತ್ತದೆ ಎಂದುಕೊಂಡಿದ್ದೆ. ಅವಳು ಹಾಗೇನೂ ಮಾಡಲಿಲ್ಲ. ಕವರು ಬಿಚ್ಚಿ, ಬೆರಳು ಒದ್ದೆ ಮಾಡಿಕೊಂಡು ನೋಟುಗಳನ್ನು ಎಣಿಸಿದಳು. ಸರಿಯಾಗಿತ್ತು.

“ಬಡ್ಡಿ?” ಎಂದು ಕೇಳಿದಳು.

ನಾನು ತೇರಿನ ಬೀದಿಯ ಒಂದು ಜಗಲಿಯ ಮೇಲೆ ಕೂತು, ಕವರಿನ ಹಿಂಭಾಗದಲ್ಲೇ ವರ್ಷ ಎಣಿಸಿ ಲೆಕ್ಕ ಹಾಕತೊಡಗಿದೆ. ಅವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.