ಕಾಲವೇ ಸರಿಮಾಡುವುದೇ?

ಅಣ್ಣತಮ್ಮಂದಿರ ನಡುವೆ ಮಾತು ನಿಂತಾಗ "ಬಿಡಿ, ಕಾಲವೇ ಎಲ್ಲವನ್ನೂ ಸರಿಮಾಡುತ್ತದೆ" ಎಂದು ನೀವೂ ಹೇಳಿರಬಹುದು. ನಾನಂತೂ ಹೇಳಿದ್ದೇನೆ. ಅದು ನಿಜವೇ?

ಉತ್ತರ ಸ್ಪೇನಿನಲ್ಲಿ, ಎಬ್ರೊ ನದಿಯ ದಂಡೆಯಲ್ಲಿ ರಿಯೋಹಾ ಎಂಬ ಸೀಮೆಯಿದೆ. ಸಂತ ಯಾಕೋಬರ ಸಮಾಧಿಗೆ ನಡೆದುಹೋಗುವ ಯಾತ್ರಿಕರ ಹಾದಿಯೂ ಅಲ್ಲಿಂದಲೇ ಸಾಗುತ್ತದೆ. ಅಲ್ಲಿನ ಕೆಂಪು ದ್ರಾಕ್ಷಾರಸಕ್ಕೆ 'ಗ್ರಾನ್ ರೆಸೆರ್ವಾ' ಎಂಬ ಹೆಸರು ಸಿಗಬೇಕಾದರೆ ಕನಿಷ್ಠ 5 ವರ್ಷ ಕಾಯಬೇಕು. ಅದರಲ್ಲಿ 2 ವರ್ಷವಾದರೂ ಓಕ್ ಮರದ ಪೀಪಾಯಿಯಲ್ಲಿ. ಆದರೆ ನೆಲಮಾಳಿಗೆಯ ಕತ್ತಲೆಯಲ್ಲಿಟ್ಟು ಮರೆತುಬಿಡುವುದಲ್ಲ. ಹಳೆಯ ಪದ್ಧತಿ ಬಿಡದವರು ಸುಮಾರು ಆರು ತಿಂಗಳಿಗೊಮ್ಮೆ ರಸವನ್ನು ಪೀಪಾಯಿಯಿಂದ ಪೀಪಾಯಿಗೆ ಇಳಿಸುತ್ತಾರೆ. ಮೇಣದ ಬತ್ತಿಯ ಬೆಳಕಿಗೆ ಹಿಡಿದು ನೋಡುತ್ತಾರೆ; ಗಸಿ ಕಂಡೊಡನೆ ನಿಲ್ಲಿಸುತ್ತಾರೆ. ಆವಿಯಾಗಿ ತಗ್ಗಿದಷ್ಟನ್ನು ತುಂಬುತ್ತಾರೆ. ಇಲ್ಲವಾದರೆ ಗಾಳಿ ಸೇರಿ ಅದೇ ರಸ ಹುಳಿತುಹೋಗುತ್ತದೆ.

ತಾಳ್ಮೆ ಎಂದು ನಾವು ಕರೆಯುವುದು ಹಲವು ಸಲ ಬರೀ ಹೆದರಿಕೆ. ಕೋಪ ಬಂದ ದಿನವೇ ಹೋಗಿ ಮಾತನಾಡಿ ಎನ್ನುತ್ತಿಲ್ಲ. ಹೊಸ ರಸ ಒಗರೇ. ಆದರೆ ವರ್ಷ ಎರಡಾದರೂ ಹಬ್ಬಕ್ಕೆ ಕರೆಯಲಿಲ್ಲ, ಕಾಯಿಲೆ ಬಿದ್ದಾಗ ವಿಚಾರಿಸಲಿಲ್ಲ ಎಂದರೆ ಗಸಿ ತಳದಲ್ಲೇ ಇದೆ.

ನಿಮ್ಮ ಅಣ್ಣನ ಮನೆಯ ಮೆಟ್ಟಿಲು ಹತ್ತಿ ಎಷ್ಟು ದಿನವಾಯಿತು?