ಯಾರ ಪಾಲಿನ ಹಣ?



ಮಗನ ಕಾಲೇಜು ಫೀಸಿನ ಚಿಂತೆ ಹೊತ್ತ ತಂದೆಯೊಬ್ಬರು ಕೇಳಿದರು: "ಫಾದರ್, ಆದಾಯ ಪತ್ರದಲ್ಲಿ ಸ್ವಲ್ಪ ಕಡಿಮೆ ಬರೆಸಿದರೆ ತಪ್ಪೇ? ಸರ್ಕಾರದ ದುಡ್ಡು ತಾನೇ, ಯಾರಿಗೇನು ನಷ್ಟ?"

ನೋಡೋಣ. ಪಿಯುಸಿಯಲ್ಲಿ ಉತ್ತಮ ಅಂಕ ಪಡೆದವರಿಗೆ ಪದವಿ ಓದಲು ವರ್ಷಕ್ಕೆ 12,000 ರೂಪಾಯಿ ಕೊಡುವ ಕೇಂದ್ರ ಸರ್ಕಾರದ ಯೋಜನೆಯೊಂದಿದೆ. ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷ ಮೀರಬಾರದು. ಇಡೀ ದೇಶದಲ್ಲಿ ಪ್ರತಿ ವರ್ಷ ಹೊಸದಾಗಿ ಸಿಗುವುದು 82,000 ಮಂದಿಗೆ ಮಾತ್ರ. ಅಂದಮೇಲೆ ಸುಳ್ಳು ಪತ್ರ ಹಿಡಿದು ಒಬ್ಬ ಒಳಗೆ ಬಂದರೆ ಅರ್ಹನೊಬ್ಬ ಹೊರಗುಳಿಯುತ್ತಾನೆ. ಆ ಮಗುವಿನ ಮುಖ ನಮಗೆ ಕಾಣುವುದಿಲ್ಲ; ಕಾಣದ ಮಾತ್ರಕ್ಕೆ ಕಳವು ಕಳವಲ್ಲದೆ ಹೋಗುವುದಿಲ್ಲ.

ಹಾಗೆಂದು ಅರ್ಹರು ಸಂಕೋಚಪಡಬೇಡಿ. ಅದು ಭಿಕ್ಷೆಯಲ್ಲ, ಸಮಾಜ ನಿಮಗಾಗಿ ತೆಗೆದಿರಿಸಿದ ಪಾಲು. ನಾಡಕಚೇರಿಯಲ್ಲಿ ಆದಾಯ ಪತ್ರ ಪಡೆದು, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಕೊನೆಯ ದಿನಕ್ಕೆ ಕಾಯದೆ ಅರ್ಜಿ ಹಾಕಿ.

ಮಿತಿ ಮೀರಿದವರಿಗೂ ದಾರಿ ಮುಚ್ಚಿಲ್ಲ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಡಿ ಆಯ್ದ ಕಾಲೇಜುಗಳಲ್ಲಿ ಸೀಟು ಸಿಕ್ಕವರು ಜಾಮೀನಿಲ್ಲದೆ ಶಿಕ್ಷಣ ಸಾಲ ಕೇಳಬಹುದು. ಸಾಲ ತೀರಿಸುವುದು ಕಷ್ಟ, ನಿಜ. ಆದರೆ ಸಾಲಕ್ಕೆ ಲೆಕ್ಕವಿದೆ, ಒಂದು ದಿನ ತೀರುತ್ತದೆ. ಇನ್ನೊಬ್ಬರ ಮಗುವಿನ ಕಳೆದುಹೋದ ವರ್ಷವನ್ನು ಹೇಗೆ ತೀರಿಸುವುದು?

ಅರ್ಜಿಯ ಜೊತೆಗಿಡುವ ಆ ಪತ್ರವನ್ನು ನಿಮ್ಮ ಮಗನೂ ಓದುತ್ತಾನೆ. ಕಾಲೇಜಿನ ಮೊದಲ ಪಾಠ ಅವನಿಗೆ ಅಲ್ಲಿಂದಲೇ ಶುರು.